ದಾರ ಕಟ್ಟಿದ ದುರ್ಬೀನು

ನಾನು ಒಂದು ದುರ್ಬೀನು. ದೇವರು ನನಗೆ ಎರಡು ಕಣ್ಣು ಕೊಟ್ಟ, ಬಾಯಿ ಕೊಡಲಿಲ್ಲ. ಕೊಟ್ಟಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹುಟ್ಟಿದ್ದು ಉತ್ತರದ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಗಾಜು ಉಜ್ಜಿ ನುಣುಪು ಮಾಡಿದರು, ಹಿತ್ತಾಳೆಯ ಮೈಗೆ ಕರಿ ಬಣ್ಣ ಬಳಿದರು, ಕೊನೆಗೆ ಎರಡು ಕೊಳವೆಗಳ ನಡುವೆ ಒಂದು ಪುಟ್ಟ ಚಕ್ರ ಕೂರಿಸಿದರು. ಆ ಚಕ್ರವೇ ನನ್ನ ಜೀವ. ಒಬ್ಬೊಬ್ಬರ ಕಣ್ಣು ಒಂದೊಂದು ತರಹ ನೋಡಿ. ಅವರವರು ತಮ್ಮ ಕಣ್ಣಿಗೆ ತಕ್ಕ ಹಾಗೆ ಅದನ್ನು ಅತ್ತ ಇತ್ತ ತಿರುಗಿಸಿಕೊಂಡರೆ ದೂರದ್ದೆಲ್ಲ ನಿಚ್ಚಳ. ಇಲ್ಲದಿದ್ದರೆ ಎಲ್ಲ ಕಲಸಿದ ಅಂಬಲಿ. ಎಷ್ಟು ಸಣ್ಣ ಮಾತು! ಇದೊಂದನ್ನು ಹೇಳಲಾಗದೆ ಜನ್ಮವಿಡೀ ಒದ್ದಾಡಿದೆ.

ನನ್ನನ್ನು ಮೊದಲು ಕೊಂಡವರು ತುಮಕೂರಿನ ಭೂಗೋಳದ ಮೇಷ್ಟ್ರು ಪದ್ಮನಾಭಯ್ಯ. ಬೇಸಿಗೆ ರಜೆ ಬಂತೆಂದರೆ ಹೆಂಡತಿ ವಿಶಾಲಾಕ್ಷಮ್ಮನವರನ್ನೂ ಪುಳಿಯೋಗರೆ ಡಬ್ಬಿಯನ್ನೂ ಹೊರಡಿಸಿಕೊಂಡು, ನನ್ನನ್ನು ಕೊರಳಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದರು. ಅವರ ಕಣ್ಣಿಗೆ ಊರುಗಳೆಲ್ಲ ಉತ್ತರ ಪತ್ರಿಕೆಗಳೇ. ಹೋದಲ್ಲೆಲ್ಲ ಮಾರ್ಕು ಹಾಕುವುದು.

"ಈ ಜಲಪಾತಕ್ಕೆ ಮೂವತ್ತೈದು ಕಣೇ. ಜಸ್ಟ್ ಪಾಸು. ನೀರಿಗಿಂತ ಮೆಟ್ಟಿಲೇ ಜಾಸ್ತಿ."

ಅರಮನೆಗಳಿಗೆ ಅವರದು ಧಾರಾಳ ಕೈ. ಕಡಲ ತೀರಗಳಿಗೆ ಮಾತ್ರ ಯಾವತ್ತೂ ಫೇಲು, ಕಾಲಿಗೆ ಮರಳು ಅಂಟುತ್ತದೆ ಅಂತ. ತಾವು ಕಣ್ತುಂಬ ನೋಡಿ, ಮಾರ್ಕು ಘೋಷಿಸಿ, ಆಮೇಲೆ ನನ್ನನ್ನು ಹೆಂಡತಿಯ ಕೈಗೆ ಕೊಡುತ್ತಿದ್ದರು. ಆಯಮ್ಮನದು ಸೋಡಾ ಬಾಟಲಿ ತಳದಂಥ ಕನ್ನಡಕ. ಅದನ್ನು ತೆಗೆದಿಟ್ಟು ನನ್ನೊಳಗೆ ಇಣುಕಿದರೆ ಏನು ಕಂಡೀತು? ಚಕ್ರ ಇರುವುದು ಗಂಡನ ಕಣ್ಣಿಗೆ. ಕಾಣುವುದು ಬರೀ ಮಸುಕು. ಆದರೂ ಆಯಮ್ಮ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, "ಚೆನ್ನಾಗಿದೆ ರೀ" ಅಂದು ವಾಪಸು ಕೊಡುತ್ತಿದ್ದರು. ಎಲ್ಲ ಊರಿನಲ್ಲೂ ಅದೇ ಮಾತು. ಚಕ್ರ ತಿರುಗಿಸಮ್ಮಾ ತಾಯಿ, ಒಂದೇ ಒಂದು ಸಲ ತಿರುಗಿಸು ಅಂತ ನನ್ನ ಜೀವ ಬಡಕೊಳ್ಳುತ್ತಿತ್ತು. ಅರ್ಧ ಕರ್ನಾಟಕ ಸುತ್ತಿದ ಆ ಹೆಂಗಸು ಒಂದನ್ನೂ ನೋಡಲಿಲ್ಲ ಎನ್ನುವುದು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಹೀಗೆ ತಿರುಗುತ್ತಾ ಒಮ್ಮೆ ಬಳ್ಳಾರಿ ಸೀಮೆಯ ಹದ್ದಿನ ಕಲ್ಲು ಎಂಬ ಗುಡ್ಡಕ್ಕೆ ಬಂದೆವು. ತುದಿಯಲ್ಲಿ ನಿಂತರೆ ಕೆಳಗೆ ಹೊಳೆ ಕೊಕ್ಕೆಯ ಹಾಗೆ ಬಾಗಿ ಹರಿಯುತ್ತದೆ, ನಡುನೀರಿನಲ್ಲಿ ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುವ ಒಂದು ಕಲ್ಲಿನ ಮಂಟಪ. ಮೇಷ್ಟ್ರು ಎಪ್ಪತ್ತು ಅಂದರು. ವಿಶಾಲಾಕ್ಷಮ್ಮ ಡಬ್ಬಿ ಬಿಚ್ಚಲೆಂದು ನನ್ನನ್ನು ಕಟ್ಟೆಯ ಮೇಲಿಟ್ಟರು. ಅಷ್ಟೇ, ಎಲ್ಲಿತ್ತೋ ಏನೋ ಒಂದು ಕೋತಿ, ನನ್ನ ಬಾರು ಹಿಡಿದು ಎಳೆದುಕೊಂಡು ಬಂಡೆಯ ಹಿಂದೆ ಓಡಿ, ತಿನ್ನಲು ಬಾರದ್ದು ಅಂತ ಗೊತ್ತಾದ ಮೇಲೆ ಜಾಲಿ ಪೊದೆಗೆ ಎಸೆಯಿತು. ಮೇಷ್ಟ್ರು ಹುಡುಕಿ ಹುಡುಕಿ ಸುಸ್ತಾದರು.

"ಸೊನ್ನೆ! ಈ ಗುಡ್ಡಕ್ಕೆ ಸೊನ್ನೆ!" ಅಂತ ಕೂಗಾಡುತ್ತಾ ಇಳಿದು ಹೋದರು. ಎಪ್ಪತ್ತು ಇದ್ದದ್ದು ಸೊನ್ನೆಯಾಯಿತು, ಪಾಪ, ಗುಡ್ಡ ಏನು ಮಾಡಿತ್ತು?

ಪೊದೆಯಿಂದ ನನ್ನನ್ನು ಎತ್ತಿದವನು ದುರುಗಪ್ಪ. ಆಗ ಅವನು ಗುಡ್ಡದ ಮೇಲೆ ಸೌತೆಕಾಯಿ ಮಾರುತ್ತಿದ್ದ. ಕೊಟ್ಟು ಬಿಡೋಣವೆಂದು ಬಹಳ ದಿನ ಅರಿವೆಯಲ್ಲಿ ಸುತ್ತಿಟ್ಟು ಕಾದ, ಯಾರೂ ಬರಲಿಲ್ಲ. ಕೊನೆಗೆ ಕಟ್ಟಿಗೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಮಾಡಿ, ನನ್ನನ್ನು ಅದರ ಮೇಲೆ ಕೂರಿಸಿ, "ಬರ್ರೀ, ಮಂಟಪ ನೋಡ್ರೀ, ಕೈಗೆ ಸಿಕ್ಕಂಗ ಕಾಣತೈತಿ!" ಅಂತ ಕೂಗತೊಡಗಿದ.

ಅವನ ಕಣ್ಣೆಂದರೆ ಕಣ್ಣು. ಹೊಳೆಯಲ್ಲಿ ಮೀನು ಹಾರಿದ್ದು ಬರಿಗಣ್ಣಿಗೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ತಾನೇ ಮೊದಲು ನೋಡಿ, ಮಂಟಪದ ಕಂಬ ಎಣಿಸುವಷ್ಟು ನಿಚ್ಚಳವಾಗುವವರೆಗೆ ಚಕ್ರ ತಿರುಗಿಸಿ, ಆಮೇಲೆ ಕರಿ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿಬಿಡುತ್ತಿದ್ದ. ಮಕ್ಕಳು ಸುಮ್ಮನಿರುತ್ತವೆಯೇ, ತಿರುಗಿಸಿ ಕೆಡಿಸುತ್ತವೆ ಅಂತ.

"ಚಕ್ರ ಮುಟ್ಟಬ್ಯಾಡ್ರಿ. ನಿಮಗಾಗಿ ನಾ ಹದ ಮಾಡಿಟ್ಟೀನಿ."

ಅದು ಅವನ ಮರ್ಯಾದೆ. ಬಂದ ಅತಿಥಿಗೆ ಬಾಳೆಹಣ್ಣು ಸುಲಿದು ಕೊಡುವಂಥ ಪ್ರೀತಿ. ಅವನ ಕಣ್ಣು ಚೊಕ್ಕ ಇದ್ದದ್ದರಿಂದ ಹೆಚ್ಚಿನವರಿಗೆ ಆ ಹದ ಒಪ್ಪುತ್ತಿತ್ತು. "ಆಹಾ, ಬಂದಿದ್ದು ಸಾರ್ಥಕ ಆಯ್ತು" ಅನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿದರೆ ನನ್ನ ಹಿತ್ತಾಳೆ ಮೈ ಬೆಚ್ಚಗಾಗುತ್ತಿತ್ತು.

ಗುಡ್ಡದ ಬುಡದಲ್ಲಿ ಅವನ ಹೆಂಡತಿ ಹುಲಿಗೆವ್ವ ಮಿರ್ಚಿ ಮಂಡಕ್ಕಿ ಮಾರುತ್ತಿದ್ದಳು. ಬಂದವರೆಲ್ಲ ಆಕೆಯನ್ನೇ ಕೇಳುವುದು: "ಅಮ್ಮಾ, ಮೇಲೆ ನೋಡೋ ಅಂಥದ್ದು ಏನಾದ್ರೂ ಇದೆಯಾ?"

"ನನಗೇನ್ ಗೊತ್ತ್ರೀ? ನಾ ಹತ್ತಿಲ್ಲ. ಕಲ್ಲು, ನೀರು. ಮಿರ್ಚಿ ಬಿಸಿ ಅದಾವ, ತಿಂದು ಹೋಗ್ರಿ" ಅನ್ನುತ್ತಿದ್ದಳು.

ದುರುಗಪ್ಪನಿಗೆ ಅದೇ ಕೊರಗು. ಊರ ಮಂದಿಗೆಲ್ಲ ತೋರಿಸಿದೆ, ಹೆಂಡತಿಯೊಬ್ಬಳು ನೋಡಲಿಲ್ಲ ಅಂತ. "ಒಮ್ಮೆ ಬಾರ" ಅಂದರೆ, "ಬಾಣಲಿ ಯಾರು ನೋಡ್ತಾರ, ನಿಮ್ಮಪ್ಪ?" ಅನ್ನುತ್ತಿದ್ದಳು.

ವರ್ಷಗಳು ಉರುಳಿದವು. ಒಂದು ಬೆಳಿಗ್ಗೆ ದುರುಗಪ್ಪ ಚಕ್ರವನ್ನು ಎಂದಿಗಿಂತ ಒಂದು ಎಳೆಯಷ್ಟು ಹೆಚ್ಚು ತಿರುಗಿಸಿದ. ಮಳೆಗಾಲ ಕಳೆದ ಮೇಲೆ ಇನ್ನೊಂದು ಎಳೆ. ನನಗೆ ಆಗಲೇ ತಿಳಿಯಿತು. ಕೆಟ್ಟದ್ದು ನಾನಲ್ಲ, ಅವನ ಕಣ್ಣು. ಅದಕ್ಕೆ ಪೊರೆ ಬರುತ್ತಿತ್ತು. ಅವನ ಕಣ್ಣು ಜಾರಿದಷ್ಟೂ ಚಕ್ರ ಜಾರಿತು, ಅದರ ಮೇಲೆ ದಾರದ ಗಂಟು. ಅವನಿಗೆ ನಿಚ್ಚಳ, ಬಂದವರಿಗೆಲ್ಲ ಮಸುಕು.

"ಏನ್ರೀ ಇದು, ಏನೂ ಕಾಣ್ತಾ ಇಲ್ಲ!"

"ಕಾಣವಲ್ದಾ? ಸರೀರಿ ಅತ್ತಾಗ." ತಾನು ಬಗ್ಗಿ ನೋಡಿ, "ಕಂಬದ ಮ್ಯಾಲಿನ ಕಾಗಿ ಸೈತ ಕಾಣತೈತಲ್ರೀ! ನಿಮಗ ನೋಡಾಕ ಬರೂದಿಲ್ಲ" ಅನ್ನುತ್ತಿದ್ದ. ಜಗಳ ಶುರು. ಬರಿಗಣ್ಣಿಗೆ ಹೊಳೆ ಮಬ್ಬಾದರೆ ಗಣಿ ಲಾರಿಗಳನ್ನು ಬೈಯುತ್ತಿದ್ದ: "ಎಂಥಾ ಧೂಳು ಎಬ್ಬಿಸ್ತಾರ, ಅವರ ಮನಿ ಹಾಳಾಗ."

ಒಮ್ಮೆ ಒಬ್ಬಳು ಹುಡುಗಿ ಮೊಬೈಲು ಎತ್ತಿ ಹಿಡಿದು, ನನ್ನ ಪಕ್ಕದಲ್ಲೇ ನಿಂತು ಊರಿಗೆಲ್ಲ ಸಾರಿದಳು: "ಫ್ರೆಂಡ್ಸ್, ಹದ್ದಿನ ಕಲ್ಲು ಟೋಟಲ್ ವೇಸ್ಟ್. ದಯವಿಟ್ಟು ಬರಬೇಡಿ." ಅವಳ ಬೆರಳು ನನ್ನ ದಾರದ ಮೇಲೇ ಇತ್ತು. ಅಯ್ಯೋ ಮಗಳೇ, ಆ ಗಂಟು ಕಿತ್ತು ಒಂದು ಸುತ್ತು ತಿರುಗಿಸಿದ್ದರೆ ನಿನಗೂ ಮಂಟಪ ಕಾಣುತ್ತಿತ್ತು, ಕೆಟ್ಟದ್ದು ತನ್ನ ಕಣ್ಣೇ ಅಂತ ಅವನಿಗೂ ಗೊತ್ತಾಗಿ ಅವನ ಕಣ್ಣೂ ಉಳಿಯುತ್ತಿತ್ತಲ್ಲೇ! ಅವಳು ಫೋನು ಜೇಬಿಗಿಟ್ಟುಕೊಂಡು ಇಳಿದು ಹೋದಳು.

ಜನ ಕಡಿಮೆಯಾದರು. ಪೊರೆ ದಪ್ಪವಾಯಿತು. ಕೊನೆಗೆ ಚಕ್ರ ತುದಿ ಮುಟ್ಟಿ ನಿಂತಿತು, ತಿರುಗಿಸಲು ಇನ್ನು ಜಾಗವಿಲ್ಲ. ದುರುಗಪ್ಪನಿಗೂ ಮಸುಕು. ಪಂಚೆಯ ಚುಂಗಿನಿಂದ ನನ್ನ ಗಾಜು ಒರೆಸಿದ, ಮತ್ತೆ ಮತ್ತೆ ಒರೆಸಿದ.

"ನಿನಗೂ ವಯಸ್ಸಾತಲ್ಲೋ ತಮ್ಮಾ" ಅಂತ ನನ್ನ ಬೆನ್ನು ಸವರಿದ. ನನಗೆ ಅಳು ಬಂತು. ಅಳುವುದಕ್ಕೂ ಬರುವುದಿಲ್ಲ ನನಗೆ.

ಒಂದು ಮಧ್ಯಾಹ್ನ ಒಂದು ಕುಟುಂಬ ಕೆಳಗೆ ಹೋಗಿ ಹುಲಿಗೆವ್ವನ ಮುಂದೆ ರೇಗಾಡಿತಂತೆ, ಮೇಲಿರುವ ಮುದುಕ ಮೋಸಗಾರ ಅಂತ. ಅವರ ಜನ್ಮ ಜಾಲಾಡಿ, ಬಾಣಲಿ ಇಳಿಸಿ, ಸೀರೆ ಎತ್ತಿಕಟ್ಟಿ ಆಕೆ ಮೆಟ್ಟಿಲು ಹತ್ತಿಯೇ ಬಿಟ್ಟಳು. ಏದುಸಿರು ಬಿಡುತ್ತಾ ಎದುರಿಗೆ ನಿಂತರೂ ಅವನು, "ಬರ್ರೀ ಅಕ್ಕಾರ, ಮಂಟಪ ನೋಡ್ರಿ" ಅಂದ.

"ನಾನು. ಹುಲಿಗಿ."

ಅವನ ಮುಖ ಅರಳಿತು. "ಅಯ್ ಇವಳ! ಕಡೀಗೂ ಬಂದ್ಯಾ! ಬಿಸಲು ಕಣ್ಣಿಗೆ ಹೊಡೀತು ನೋಡು, ಗುರ್ತು ಹತ್ತಲಿಲ್ಲ." ಗಡಿಬಿಡಿಯಲ್ಲಿ ಅವನ ಕಾಲು ಸ್ಟ್ಯಾಂಡಿಗೆ ತಾಗಿ ನಾನು ಹೊಳೆ ಬಿಟ್ಟು ಹಿಂದಿನ ಬಂಡೆಗೆ ಮುಖ ಮಾಡಿದೆ. ಅವನಿಗೆ ಗೊತ್ತಾಗಲಿಲ್ಲ. "ಇಣಿಕಿ ನೋಡು. ಹೊಳಿ ಹೆಂಗ ಬಾಗೈತಿ! ನಡುವ ಮಂಟಪ. ಕಂಬದ ಮ್ಯಾಲೆ ಕಾಗಿ ಕುಂತೈತೇನು?"

ಹುಲಿಗೆವ್ವ ಕಣ್ಣಿಟ್ಟಳು. ಬೂದಿ ಬಣ್ಣದ ಮಸುಕು. ತಲೆ ಎತ್ತಿ ಸುತ್ತ ನೋಡಿದಳು. ಹೊಳೆ ಇತ್ತ, ನಾನು ಅತ್ತ. ಗಂಡ ನಗುನಗುತ್ತಾ ಬರೀ ಬಂಡೆಯ ಕಡೆಗೆ ಬೆರಳು ಚಾಚಿ ನಿಂತಿದ್ದ.

ಆಕೆ ಮತ್ತೆ ನನ್ನೊಳಗೆ ಕಣ್ಣಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ನನ್ನ ಗಾಜು ಒದ್ದೆಯಾಯಿತು.

"ಹೆಂಗೈತಿ?" ಅಂದ ಅವನು.

"ಚಂದೈತಿ" ಅಂದಳು.

ನನ್ನನ್ನು ಕೊರಳಿಗೆ ಹಾಕಿಕೊಂಡು, ಅವನ ಮುಂಗೈ ಹಿಡಿದು ಆಕೆ ಮೆಟ್ಟಿಲು ಇಳಿಸಿದಳು. ಮರುದಿನ ದೊಡ್ಡಾಸ್ಪತ್ರೆ. "ಇಷ್ಟು ದಿನ ಏನು ಮಾಡ್ತಿದ್ರಿ?" ಅಂದರು ಡಾಕ್ಟರು. ಪೊರೆ ಬಲಿತು ಒಡೆಯುವ ಹಾಗಾಗಿದೆ, ಒಳಗಿನ ಒತ್ತಡ ಏರಿ ನರವೇ ಒಣಗಿದೆ, ಕೊಯ್ದರೂ ಇನ್ನು ಬೆಳಕು ಬರುವುದಿಲ್ಲ ಅಂದರು. ಎರಡು ವರ್ಷ ಮುಂಚೆ ಬಂದಿದ್ದರೆ ಸಣ್ಣ ಆಪರೇಷನ್ನಂತೆ.

ಈಗ ನಾನು ಮಿರ್ಚಿ ಅಂಗಡಿಯ ತಗಡಿಗೆ ಹೊಡೆದ ಮೊಳೆಯಲ್ಲಿ ನೇತಾಡುತ್ತೇನೆ. ಗಾಜಿನ ಮೇಲೆ ಎಣ್ಣೆಯ ಜಿಡ್ಡು. ದುರುಗಪ್ಪ ಕೆಳಗೆ ಕುಳಿತು ಕೈಯಂದಾಜಿನಲ್ಲಿ ಮಂಡಕ್ಕಿ ಪೊಟ್ಟಣ ಕಟ್ಟುತ್ತಾನೆ. ಬಂದವರು ಕೇಳುವುದು ಅದೇ ಪ್ರಶ್ನೆ. ಈಗ ಉತ್ತರ ಹೇಳುವವನು ಅವನು.

"ಹತ್ತ್ರಿ, ಹತ್ತ್ರಿ. ಬರುವಾಗ ಮಂಟಪ ಹೆಂಗೈತಿ ಅಂತ ನನಗೊಂದೀಟು ಹೇಳಿ ಹೋಗ್ರಿ."

ಅವರು ಇಳಿದು ಬರುತ್ತಾರೆ. "ಪರವಾಗಿಲ್ಲ. ಅಂಥದ್ದೇನಿಲ್ಲ" ಅನ್ನುತ್ತಾರೆ. "ಮಂಟಪ?" ಅಂದರೆ, "ಯಾವ ಮಂಟಪ?" ಅನ್ನುತ್ತಾರೆ. ಅವರ ತಲೆಯ ಮೇಲೇ ನಾನಿದ್ದೇನೆ. ಗಾಜು ಇನ್ನೂ ಗಟ್ಟಿ, ಚಕ್ರ ಇನ್ನೂ ಗಟ್ಟಿ.

ನಿನ್ನೆ ಒಬ್ಬಾತ ನನ್ನನ್ನು ಮೊಳೆಯಿಂದ ತೆಗೆದು ಗುಡ್ಡದ ತುದಿಯ ಕಡೆಗೆ ಹಿಡಿದ. ದಾರಕ್ಕೆ ಉಗುರು ಹಚ್ಚಿದ. ಬಿಚ್ಚಪ್ಪಾ, ಬಿಚ್ಚು!

"ಅದನ್ನ ಮುಟ್ಟಬ್ಯಾಡ್ರಿ" ಅಂದಳು ಹುಲಿಗೆವ್ವ. "ಅವರು ಕಟ್ಟಿದ್ದು. ಕಣ್ಣಿದ್ದಾಗ ತಾವ ಕಟ್ಟಿದ ಕಡೀ ಗಂಟು ಅದು. ಇರಲಿ."

ಆತ ಕೈ ತೆಗೆದು, ಹಾಗೇ ಇಣುಕಿ, "ಏನೂ ಕಾಣಲ್ಲ" ಅಂತ ಮತ್ತೆ ಮೊಳೆಗೆ ಹಾಕಿದ.

ದುರುಗಪ್ಪ ಪೊಟ್ಟಣ ಕಟ್ಟುತ್ತಾ ನಕ್ಕ. "ನನ್ನ ಜೋಡೀನ ಅದರ ಕಣ್ಣೂ ಹೋದ್ವು ನೋಡ್ರಿ" ಅಂದ.