ಲಾಭದಿಂದ ಹತ್ತರವರೆಗೆ

ಲಾಭ — ಪಡಸಾಲೆಯಿಂದ ಆಯಿಯ ದನಿ, ಸೇರಿನಿಂದ ಚೀಲಕ್ಕೆ ಜೋಳ ಸುರಿದ ಸದ್ದು, ಎರಡ, ಮೂರ, ಅಪ್ಪನ ಅವ್ವ ಮಲ್ಲಕ್ಕ, ಎಂಬತ್ತೆರಡಾದರೂ ಅಳತೆ ಯಾರ ಕೈಗೂ ಬಿಡುವವಳಲ್ಲ, ಮೊದಲ ಸೇರಿಗೆ ಒಂದು ಅನ್ನುವವಳೂ ಅಲ್ಲ, ರಾಶಿ ಹೆಚ್ಚಲಿ ಅಂತ ಲಾಭ ಅಂದೇ ಶುರು, ಅಳೆ ತಾಯಿ, ನಾನೂ ಎಣಿಸುತ್ತಿದ್ದೇನೆ, ಬೈಟುಗಳನ್ನು, ಮೂರು ದಿನದಿಂದ, ಈ ಭಾನುವಾರದ ಊಟವನ್ನೂ ಬಿಟ್ಟು, ಸಂಜೆ ಆರಕ್ಕೆ ಗಡುವು, ಆರು ದಾಟಿದರೆ ಆ ಕೋಡಿನ ಉಸ್ತುವಾರಿ ತಾನೇ ತಪ್ಪು ತಿದ್ದಿ ಸೇರಿಸುತ್ತಾನಂತೆ, ಆಮೇಲೆ ಈ ನಂದಾ ಯಾರು, ಸಂಶಿಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಟೀಚರ್, ಅಷ್ಟೇ. ಆದರೆ ಕಂಡವಳು ನಾನು! ಎಷ್ಟೋ ಲಕ್ಷ ಯಂತ್ರಗಳಲ್ಲಿ ಓಡುವ ಆಪರೇಟಿಂಗ್ ಸಿಸ್ಟಮ್, ಅದರ ನೆಟ್‌ವರ್ಕ್ ಕೋಡಿನಲ್ಲಿ ಈ ತೂತು, ಹೊರಗಿನಿಂದ ಒಂದು ಪ್ಯಾಕೆಟ್ ಬಂದು ತನ್ನ ಮೊದಲ ಬೈಟಿನಲ್ಲೇ ನನ್ನೊಳಗೆ ಇಷ್ಟು ಬೈಟು ಇವೆ ಅನ್ನುತ್ತದೆ, ಈ ಮಳ್ಳ ಕೋಡು ಹೌದ್ರಿ ಅಂತ ನಂಬಿ ಅಷ್ಟನ್ನೂ ಓದುತ್ತದೆ, ಬಂದದ್ದು ಕಡಿಮೆ ಇದ್ದರೂ ನಿಲ್ಲುವುದಿಲ್ಲ, ಬಾಜೂಕಿನ ಮೆಮೊರಿಗೆ ಕೈ ಹಾಕುತ್ತದೆ, ಅಲ್ಲಿ ಯಾರದೋ ಪಾಸ್‌ವರ್ಡ್, ಯಾರದೋ ಪತ್ರ, ಎತ್ತಿ ಕೇಳಿದವನ ಕೈಗೆ ಕೊಟ್ಟುಬಿಡುತ್ತದೆ — ಮೊದಲ ಸಲ ತಿದ್ದಿ ಕಳಿಸಿದಾಗ ಎಷ್ಟು ಉಬ್ಬಿದ್ದೆ, ಗಣಿತದ ಸುದೀಪ ಸರ್‌ಗೆ ತೋರಿಸಿದ್ದೆ, ಯರಗುಪ್ಪ್ಯಾಗ ಕುಂತು ಲೋಕದ ಕಂಪ್ಯೂಟರ್ ರಿಪೇರಿ ಮಾಡ್ತೀರೇನ್ರಿ ಮೇಡಂ, ಅಂತ ನಕ್ಕರು, ಮರುದಿನವೇ ಸಾವಿರ ಜನ ಓದುವ ಇ-ಮೇಲ್ ಪಟ್ಟಿಯಲ್ಲಿ ಉಸ್ತುವಾರಿಯ ಉತ್ತರ, ಇನ್ನೂ ಒಂದು ಬೈಟು ಆಚೆ ಓದುತ್ತಿದೆ, ನೀವು ಪರೀಕ್ಷಿಸಿಯೇ ಇಲ್ಲ. ಮೈಯೆಲ್ಲ ಉರಿಯಿತು. ಆ ಒಂದು ಬೈಟು ಎಲ್ಲಿದೆ, ಉದ್ದ ನೋಡಿದ್ದೇನೆ, ಬಂದದ್ದಕ್ಕಿಂತ ಹೆಚ್ಚು ಕೇಳಿದರೆ ಬಿಸಾಡು ಅಂದಿದ್ದೇನೆ, ಇನ್ನೇನು ಬೇಕು ಈ ಯಂತ್ರಕ್ಕೆ, ನನ್ನ ತಲೆಯೇ?

ಎಂಟ, ಒಂಬತ್ತ — ಒಂಬತ್ತು ಅಂದಾಗ ನೆಲ ಕಂಡಿತ್ತು, ಕಣದ ಸಾರಿಸಿದ ನೆಲ, ನನಗೆ ಏಳು ವರ್ಷ, ನಮ್ಮ ರಾಶಿಯಲ್ಲಿ ಬೀಜಕ್ಕೆಂದು ಉಳಿದದ್ದು ಹತ್ತೇ ಸೇರು, ಅಳಿ ನೋಡೂಣು ಅಂತ ಆಯಿ ಸೇರು ಕೊಟ್ಟಿದ್ದಳು, ನಾನು ಲಾಭ ಅಂದೆ, ಆಮೇಲೆ ಶಾಲೆಯಲ್ಲಿ ಕಲಿತ ಹಾಗೆ ಒಂದು, ಎರಡು, ಮೂರು, ಒಂಬತ್ತಕ್ಕೇ ಜೋಳ ಮುಗಿಯಿತು, ಹತ್ತು ಆಗಬೇಕಲ್ಲ, ಮೊಳದಾಚೆ ಬಾಜೂ ಹೊಲದ ಶರೀಫಸಾಬ ಕಾಕಾನ ರಾಶಿ, ಸೇರು ಅತ್ತ ಹೋಯಿತು, ಗಬಕ್ಕನೆ ಆಯಿ ಮಣಿಕಟ್ಟು ಹಿಡಿದಳು, ನನ್ನ ಬಳೆ ಚರ್ಮಕ್ಕೆ ಒತ್ತಿತು, ಆ ರಾಶಿ ನಮ್ದಲ್ಲ ಬೇ. ಇರ್ಲಿ ಬಿಡ್ರಿ ಅವ್ವಾರ, ಕೂಸು, ಒಂದ ಸೇರಿಗೆ ಏನ ಆಕ್ಕೈತಿ, ಅಂತ ಕಾಕಾ ನಕ್ಕರೂ ಆಯಿ ಹಿಡಿತ ಸಡಿಲಿಸಲಿಲ್ಲ, ಲಾಭನ ಒಂದ ಅಲ್ಲೇನ ಹುಚ್ಚಿ, ಅದನ್ನ ಬಿಟ್ಟು ಎಣಿಸಿದ್ರ ಕೈ ಮಂದಿ ರಾಶಿಗೆ ಹೊಕ್ಕೈತಿ — ಅಯ್ಯ! ಅಯ್ಯ ನನ್ನ ಶಿವನೇ, ಲಾಭ! ಉದ್ದ ಹೇಳುವ ಆ ಮೊದಲ ಬೈಟೂ ಒಂದು ಬೈಟೇ ಅಲ್ಲವೇ, ಬಂದದ್ದು ಹತ್ತಾದರೆ ಅದೇ ಒಂದು ತಿಂದಿತು, ಒಳಗೆ ಉಳಿದದ್ದು ಒಂಬತ್ತು, ನಾನು ಹತ್ತು ಓದಲು ಬಿಟ್ಟಿದ್ದೆ, ಇಪ್ಪತ್ತೇಳು ವರ್ಷದ ಮೇಲೆ ಅದೇ ತಪ್ಪು, ಅದೇ ಕೈ, ಬುದ್ಧಿಗೇಡಿ!

ತಿದ್ದಿದೆ, ಒಂದೇ ಸಾಲು, ಬಂದದ್ದರಲ್ಲಿ ಒಂದು ಕಳೆ, ಆಮೇಲೆ ಹೋಲಿಸು, ಇಡೀ ಕೋಡು ಮತ್ತೆ ಕಟ್ಟಿಕೊಳ್ಳಲು ನಲವತ್ತು ನಿಮಿಷ, ಲ್ಯಾಪ್‌ಟಾಪಿನ ಫ್ಯಾನು ಬುಸುಗುಡುತ್ತದೆ, ಕರೆಂಟು ಹೋಗಬೇಡ, ಕೈ ಮುಗಿಯುತ್ತೇನೆ, ಇವತ್ತೊಂದಿನ ಹೋಗಬೇಡ, ಕಟ್ಟಿ ಮುಗಿಯಿತು, ಈಗ ಆ ಕಳ್ಳ ಪ್ಯಾಕೆಟ್ಟನ್ನೇ ಬಿಡುತ್ತೇನೆ, ಹತ್ತು ಬೈಟು ಬಂದು ಒಳಗೂ ಹತ್ತಿವೆ ಎಂದು ಸುಳ್ಳು ಹೇಳುವುದನ್ನು, ಮೊನ್ನೆ ಇದಕ್ಕೇ ಪರದೆ ತುಂಬ ಕೆಂಪು ಅಕ್ಷರ ಅರಚಿದ್ದವು — ಇವತ್ತು ಒಂದು ಸಾಲು, ಪ್ಯಾಕೆಟ್ ತಿರಸ್ಕೃತ, ಆಚೆ ಓದಿದ್ದು ಸೊನ್ನೆ. ಸೊನ್ನೆ! ನೂರು ಸಲ ಬಿಟ್ಟೆ, ನೂರು ಸಲವೂ ಸೊನ್ನೆ, ಕಳಿಸಿದೆ, ನಾಲ್ಕೂ ಮುಕ್ಕಾಲು, ಐದು, ಐದೂವರೆ, ಉಗುರೆಲ್ಲ ಕಚ್ಚಿ ಮುಗಿಯಿತು, ಟಿಣ್ ಅಂತು — ಉಸ್ತುವಾರಿಯ ಉತ್ತರ, ಸರಿಯಾಗಿದೆ, ಸೇರಿಸಿದ್ದೇನೆ, ಪತ್ತೆ ಮತ್ತು ತಿದ್ದುಪಡಿ ನಂದಾ, ಯರಗುಪ್ಪಿ, ಊರಿನ ಹೆಸರನ್ನೂ ಬಿಟ್ಟಿಲ್ಲ ಪುಣ್ಯಾತ್ಮ, ಕಿಟಾರನೆ ಕಿರುಚಿದೆನಂತೆ ನಾನು, ಯಾಕ ಬೇ, ಚೇಳು ಕಡೀತೇನು, ಆಯಿ ಸೇರು ಹಿಡಿದುಕೊಂಡೇ ಓಡಿ ಬಂದಳು. ಗೆದ್ದೆ ಆಯಿ, ಲಾಭ ಎಣಿಸಿದೆ. ಈಗ ಎಣಿಸಿದ್ಯಾ? ಬರೋಬ್ಬರಿ ಆತು, ಏಳು ಉಣ್ಣೇಳು, ರೊಟ್ಟಿ ಆರಿ ಕಟಕ ಆಗ್ಯಾವ. ಏಳುತ್ತೇನೆ, ನಾಳೆ ಸುದೀಪ ಸರ್ ಮುಖ ನೋಡಬೇಕು, ನಗಲಿ ಈಗ, ನಗು ಬರುತ್ತಿದೆ, ಅಳುವೂ, ಏಳುತ್ತೇನೆ ಆಯಿ, ಮಣಿಕಟ್ಟಿನ ಮೇಲೆ ಆ ಬಳೆ ಇನ್ನೂ ಒತ್ತುತ್ತಿದೆ, ಎರಡು ರಾಶಿಗಳ ನಡುವೆ ಗಾಳಿಯಲ್ಲಿ ನಿಂತ ಸೇರು, ಅದರೊಳಗೆ ಒಂದು ಕಾಳೂ ಇಲ್ಲ.