ಮೇಕೆ ಹೇಳಿದ ಮಾತು

ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದೇನೆ. ಆದರೆ ಅವನ ಮುಖಕ್ಕಿಂತ ಮೊಣಕೈಯೇ ನನಗೆ ಹೆಚ್ಚು ಗೊತ್ತು. ತಮಾಷೆಗೆ ಹೇಳುತ್ತಿಲ್ಲ, ನಮ್ಮ ಕೆಲಸವೇ ಹಾಗೆ. ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೈಗೊಂಬೆ ಆಡಿಸುವವರು ನಾವಿಬ್ಬರು. ಆಳೆತ್ತರದ ಕಪ್ಪು ಪರದೆ, ಅದರ ಹಿಂದೆ ಎರಡಡಿ ಜಾಗ, ಆ ಜಾಗದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಇಬ್ಬರು. ಕೈ ಮೇಲೆ, ಕಣ್ಣು ಗೊಂಬೆಯ ಮೇಲೆ. ಪಕ್ಕದವರ ಮುಖ ನೋಡಲು ಹೋದರೆ ಗೊಂಬೆ ಇನ್ನೆತ್ತಲೋ ತಿರುಗಿಬಿಡುತ್ತದೆ, ಮಕ್ಕಳು ತಕ್ಷಣ ಕಂಡುಹಿಡಿಯುತ್ತಾರೆ.

ಅವನದು ನರಿ, ನನ್ನದು ಮೇಕೆ. ತೋಳ ಬಂದಾಗ ಅದೂ ಅವನದೇ, ಎಡಗೈಯಲ್ಲಿ. ಮಕ್ಕಳು ಅವನನ್ನು ನರಿ ಮಾಮ ಎಂದರು, ನನ್ನನ್ನು ಮೇಕೆ ಅತ್ತೆ ಎಂದರು. ಮಾಮ ಇದ್ದ ಮೇಲೆ ಅತ್ತೆ ಇರಬೇಕಲ್ಲ, ಮಕ್ಕಳ ಪ್ರಕಾರ ಅದು ಸರಿಯೇ. ಒಮ್ಮೆ ಆಟ ನೋಡಲು ಬಂದಿದ್ದ ಅವನ ಹೆಂಡತಿ ಇದನ್ನು ಕೇಳಿ ಮುಖ ಗಂಟು ಹಾಕಿಕೊಂಡಳು. ಮುಂದಿನ ವಾರದಿಂದ ನಾನು ಮೇಕೆ ಚಿಕ್ಕಮ್ಮ ಆದೆ. ಗ್ರಂಥಾಲಯದ ಸಿಬ್ಬಂದಿಯೂ ಹಾಗೆಯೇ ಕರೆಯಲು ಶುರು ಮಾಡಿದರು. ನನ್ನ ಸ್ವಂತ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ನಾವು ಆಡುತ್ತಿದ್ದ ಕಥೆಗಳೆಲ್ಲ ಒಂದೇ ಜಾತಿಯವು. ಕೋಳಿಯ ಮೊಟ್ಟೆ ಕಾಯುತ್ತೇನೆಂದು ಬಂದ ಹದ್ದು, ಇಲಿಯ ಮನೆಗೆ ನೆಂಟಳಾಗಿ ಬಂದ ಬೆಕ್ಕು, ಎಲ್ಲದರಲ್ಲೂ ಒಬ್ಬರು ನಂಬುವವರು, ಒಬ್ಬರು ಕೈಕೊಡುವವರು. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಕಣ್ಣು ಮಂಜಾದ ಮೇಕೆಯ ಕಥೆ. ನರಿ ಬಂದು, "ಮೇಕೆಯಕ್ಕ, ಇವತ್ತಿಂದ ನಾನೇ ನಿನ್ನ ಕಣ್ಣು," ಎನ್ನುತ್ತದೆ. ದಾರಿ ತೋರಿಸುತ್ತ, ಚಿಗುರು ಹುಲ್ಲಿನ ಆಸೆ ಹುಟ್ಟಿಸುತ್ತ, ಅವಳನ್ನು ತೋಳದ ಗುಹೆಯವರೆಗೆ ಕರೆದೊಯ್ಯುತ್ತದೆ. ಮುಂದೆ ಕೂತ ಮಕ್ಕಳು, "ಹೋಗ್ಬೇಡ, ಅವನು ಸುಳ್ಳು ಹೇಳ್ತಾನೆ," ಎಂದು ಗಂಟಲು ಹರಿಯುವಂತೆ ಕೂಗುತ್ತಾರೆ. ಮೇಕೆ ಮಕ್ಕಳ ಮಾತು ಕೇಳಿಸಿಕೊಳ್ಳಬಾರದು. ಕೇಳಿಸಿಕೊಂಡರೆ ಕಥೆ ಐದೇ ನಿಮಿಷಕ್ಕೆ ಮುಗಿಯುತ್ತದೆ, ನಮಗೆ ಕೊಟ್ಟಿರುವುದು ನಲವತ್ತು ನಿಮಿಷ. ಕೊನೆಗೆ ಗುಹೆಯ ಬಾಯಲ್ಲಿ ವಾಸನೆ ಹಿಡಿದು ಮೇಕೆ ತಪ್ಪಿಸಿಕೊಳ್ಳುತ್ತಾಳೆ, ತೋಳದ ಕೈಗೆ ನರಿ ಸಿಕ್ಕಿಬೀಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ನಾನು ಮನೆಗೆ ಹೋಗುವುದು ಎಂದರೆ ಮೂರನೇ ಮಹಡಿಯ ಒಂದು ಕೋಣೆಗೆ. ಅಲ್ಲಿ ಒಂದು ಮಂಚ, ಒಂದು ಒಲೆ, ಎದುರು ಕಟ್ಟಡದ ಗೋಡೆ ಕಾಣುವ ಕಿಟಕಿ. ಭಾನುವಾರ ಅಕ್ಕ ಫೋನ್ ಮಾಡುತ್ತಾಳೆ. ಊಟ ಆಯಿತಾ ಎಂದು ಕೇಳುತ್ತಾಳೆ, ಆಯಿತು ಎನ್ನುತ್ತೇನೆ, ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ನಾನು ಬಾಯಿ ತುಂಬ ಮಾತಾಡುತ್ತಿದ್ದುದು ಪರದೆಯ ಹಿಂದೆ ಮಾತ್ರ, ಅದೂ ಮೇಕೆಯ ಬಾಯಲ್ಲಿ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಭ್ಯಾಸದ ದಿನಗಳಲ್ಲಿ ನಮಗೊಂದು ರೂಢಿ ಬೆಳೆದಿತ್ತು. ಯಾರು ಶುರು ಮಾಡಿದರೋ ನೆನಪಿಲ್ಲ. ಎದುರಿಗೆ ಕೂತು ಹೇಳಲಾಗದ್ದನ್ನು ಗೊಂಬೆ ತೊಟ್ಟುಕೊಂಡು ಹೇಳುವುದು. ಅವನ ಮಗಳು ಪರೀಕ್ಷೆಯಲ್ಲಿ ನಪಾಸಾದದ್ದನ್ನು ಮೊದಲು ಹೇಳಿದ್ದು ನರಿ. ಹೆಂಡತಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದನ್ನು ಹೇಳಿದ್ದೂ ನರಿಯೇ. ನನ್ನ ಅಮ್ಮ ತೀರಿಕೊಂಡ ವಾರ ನಾನು ಯಾರಿಗೂ ಏನೂ ಹೇಳದೆ ಕೆಲಸಕ್ಕೆ ಬಂದಿದ್ದೆ. ಅಭ್ಯಾಸದ ಮಧ್ಯೆ ಮೇಕೆ ಇದ್ದಕ್ಕಿದ್ದಂತೆ, "ನರಿಯಣ್ಣ, ನಮ್ಮಮ್ಮ ಹೋಗ್ಬಿಟ್ಲು," ಎಂದಳು. ನರಿ ಮೆಲ್ಲಗೆ ಬಂದು ಮೇಕೆಯ ಕುತ್ತಿಗೆಗೆ ಮೂತಿ ಒರಗಿಸಿತು. ನಾವಿಬ್ಬರೂ ತಲೆಯೆತ್ತಿ ಅದನ್ನೇ ನೋಡುತ್ತ ನಿಂತಿದ್ದೆವು. ಆ ವಾರ ನನಗೆ ಸಿಕ್ಕ ಸಮಾಧಾನ ಅದೊಂದೇ.

ಈ ವರ್ಷದ ಆರಂಭದಲ್ಲಿ ದೊಡ್ಡ ಊರಿನ ಮಕ್ಕಳ ರಂಗಮಂದಿರದಿಂದ ನಮ್ಮಿಬ್ಬರಿಗೂ ಬೇರೆ ಬೇರೆ ಪತ್ರ ಬಂತು. ಒಳಗಿನ ಒಕ್ಕಣೆ ಮಾತ್ರ ಒಂದೇ. ಅವರಿಗೆ ಒಬ್ಬರು ಬೇಕಾಗಿತ್ತು, ಎರಡು ಕೈಯಲ್ಲಿ ಎರಡು ಪ್ರಾಣಿ ಆಡಿಸಬಲ್ಲ ಒಬ್ಬರೇ ಒಬ್ಬರು. ಕೆಲಸ ಕಾಯಂ. ಚಹಾ ಕುಡಿಯುವಾಗ ಅವನು ಪತ್ರವನ್ನು ಮಡಚಿ ಲೋಟದ ಕೆಳಗಿಟ್ಟ.

"ಇಬ್ರನ್ನೂ ಕರೆದ್ರೆ ಹೋಗೋಣ," ಎಂದ. "ಇಲ್ಲಾಂದ್ರೆ ಇಬ್ರೂ ಬೇಡ."

"ನಿಜವಾಗಿ ಹೇಳ್ತಿದೀಯಾ?"

"ಒಂದು ಕೈಲಿ ನರಿ, ಇನ್ನೊಂದು ಕೈಲಿ ಮೇಕೆ, ನನ್ನ ಜೊತೆ ನಾನೇ ಮಾತಾಡ್ಕೊಂಡು ಕೂತಿರ್ಲಾ? ಹುಚ್ಚು ಹಿಡಿಯುತ್ತೆ."

ಅವತ್ತೇ ವಾಚನಾಲಯದ ಮೇಜಿನ ಮುಂದೆ ಕೂತು ನಾನು ಬರುವುದಿಲ್ಲ ಎಂದು ಬರೆದೆ. ಪೆನ್ನು ಕೂಡ ಅವನದೇ. ತನ್ನ ಅಕ್ಷರ ಕೆಟ್ಟದು, ಮನೆಯಲ್ಲಿ ಕೂತು ನಿಧಾನವಾಗಿ ಬರೆಯುತ್ತೇನೆ ಎಂದ. ನಾನು ನಂಬಿದೆ. ನಂಬದಿರುವುದಕ್ಕೆ ಕಾರಣವೇ ಇರಲಿಲ್ಲ.

ಅದಾದ ಮೇಲೆ ಮೇಕೆಯ ಕುತ್ತಿಗೆ ಸಡಿಲವಾಯಿತು. ಕೈಗೊಂಬೆಯ ತಲೆಯೊಳಗೆ ತೋರುಬೆರಳು ಹೋಗಲು ಬಟ್ಟೆಯ ಕೊಳವೆಯೊಂದು ಇರುತ್ತದೆ. ಬೆರಳಿಗೆ ತಕ್ಕಂತೆ ಹೊಲಿದಿರಬೇಕು, ಇಲ್ಲದಿದ್ದರೆ ತಲೆ ಓಲಾಡುತ್ತದೆ. ಒಂದು ಮಂಗಳವಾರ ಬಂದು ತೊಟ್ಟರೆ ಮೇಕೆಯ ತಲೆ ಕುಡಿದವರ ಹಾಗೆ ವಾಲಿತು. ಹಳೇ ದಾರ, ಬಿಟ್ಟುಕೊಂಡಿರಬೇಕು ಎಂದು ಎರಡು ಹೊಲಿಗೆ ಹಾಕಿದೆ. ಮುಂದಿನ ಮಂಗಳವಾರ ಮತ್ತೆ ಸಡಿಲ. ಮತ್ತೆ ಹೊಲಿದೆ. ಮೂರನೆಯ ಸಲ ನನಗೇ ರೇಗಿ, ಅಂಗಡಿಯವನು ಕೊಟ್ಟ ದಾರಕ್ಕೆ ಬೈದು, ಹೊಸ ಉಂಡೆ ತಂದೆ. ಅವನು ಪಕ್ಕದಲ್ಲೇ ನಿಂತು, "ಮೇಕೆಗೂ ವಯಸ್ಸಾಯ್ತು ಬಿಡು," ಎಂದ. ಸೋಮವಾರ ನನಗೆ ರಜೆ. ಗೊಂಬೆ ಕೋಣೆಯ ಬೀಗದ ಕೈ ಇರುವುದು ನಮ್ಮಿಬ್ಬರ ಹತ್ತಿರ ಮಾತ್ರ. ಈಗ ಯೋಚಿಸಿದರೆ ಎಲ್ಲ ಹಗಲಿನಷ್ಟು ಸ್ಪಷ್ಟ. ಆಗ ನನ್ನ ಬುದ್ಧಿ ದಾರದ ಉಂಡೆಯಿಂದ ಆಚೆ ಹೋಗಲಿಲ್ಲ.

ಇದಾಗಿ ಎರಡು ವಾರಕ್ಕೆ, ಒಂದು ಬುಧವಾರದ ಆಟಕ್ಕೆ ಎರಡು ಶಾಲೆಯ ಮಕ್ಕಳು ಬಂದಿದ್ದರು, ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕಣ್ಣು ಮಂಜಾದ ಮೇಕೆಯ ಕಥೆ. ಅರ್ಧ ದಾರಿಯಲ್ಲಿ ನರಿ ಇದ್ದಕ್ಕಿದ್ದಂತೆ ನಿಂತಿತು.

"ಮೇಕೆಯಕ್ಕ, ಒಂದು ಮಾತು ಕೇಳ್ಲಾ?"

ಇದು ನಮ್ಮ ಕಥೆಯಲ್ಲಿ ಇಲ್ಲದ ಮಾತು. ಏನೋ ಹೊಸದಾಗಿ ಹೊಸೆಯುತ್ತಿದ್ದಾನೆ ಎಂದುಕೊಂಡು ಖುಷಿಯಾಯಿತು. "ಕೇಳಪ್ಪ, ಕಿವಿ ಇನ್ನೂ ಮಂಜಾಗಿಲ್ಲ," ಎಂದಳು ಮೇಕೆ.

"ನಂಗೆ ಇನ್ನೊಂದು ಕಾಡಿಂದ ಕರೆ ಬಂದಿದೆ. ಅಲ್ಲಿ ಇರೋದು ಒಂದೇ ಗುಹೆ. ನಾನು ಹೋದ್ರೆ ನಿಂಗೆ ಬೇಜಾರಾಗುತ್ತಾ?"

ಮಕ್ಕಳು ಎಂದಿನಂತೆ, "ಸುಳ್ಳು, ಸುಳ್ಳು," ಎಂದು ಕೂಗಿದರು. ಮೇಕೆ ಕಿವಿ ಕೊಡವಿದಳು. "ಹೋಗಪ್ಪ, ಹೋಗು. ನೀನು ಹೋದ್ರೆ ನನ್ನ ಹುಲ್ಲಿಗೆ ಪಾಲು ಕೇಳೋರು ಇರಲ್ಲ."

ಇಡೀ ಕೋಣೆ ನಕ್ಕಿತು. ಅವನು ಬಿಡಲಿಲ್ಲ. "ನಿಜವಾಗ್ಲೂ ಹೋಗ್ಲಾ?"

"ನಿಜವಾಗ್ಲೂ. ನಾಳೆನೇ ಹೋಗು. ಹಿಂದೆ ತಿರುಗಿ ನೋಡ್ಬೇಡ."

ಇನ್ನೂ ದೊಡ್ಡ ನಗು. ಪರದೆಯ ಹಿಂದೆ ಅವನ ಮೊಣಕೈ ಸಣ್ಣಗೆ ನಡುಗಿತು. ನಗು ತಡೆಯುತ್ತಿದ್ದಾನೆ ಎಂದುಕೊಂಡೆ. ಅಷ್ಟು ಒಳ್ಳೆಯ ನಗು ಬಂದು ಎಷ್ಟೋ ದಿನವಾಗಿತ್ತು. ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ನಾನು ಒಬ್ಬಳೇ ಆ ಮಾತುಗಳನ್ನು ಮತ್ತೆ ಮತ್ತೆ ಹೇಳಿಕೊಂಡು ಹೆಮ್ಮೆಪಟ್ಟೆ.

ಒಂದು ವಾರದ ಮೇಲೆ ಗ್ರಂಥಪಾಲಕಿ ನನ್ನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ಎಳೆದುಕೊಟ್ಟರು. ಕುರ್ಚಿ ಎಳೆದುಕೊಡುವ ಹೆಂಗಸಲ್ಲ ಅವರು.

"ನಿಮ್ಮದು ದೊಡ್ಡ ಮನಸ್ಸು," ಎಂದರು. "ಬೇರೆ ಯಾರಾದ್ರೂ ಆಗಿದ್ರೆ ರಂಪ ಮಾಡ್ತಿದ್ರು. ನೀವೇ ಹೋಗು ಅಂತ ಹೇಳಿದ್ರಂತೆ?"

"ಯಾರಿಗೆ?"

ಅವರು ಮೇಜಿನ ಮೇಲಿನ ಕಾಗದವನ್ನು ಸುಮ್ಮನೆ ಅತ್ತಿತ್ತ ಸರಿಸಿದರು. "ನರಿ ಮಾಮ ರಾಜೀನಾಮೆ ಕೊಟ್ಟಿದ್ದಾರೆ. ಮುಂದಿನ ವಾರ ಅಲ್ಲಿ ಸೇರ್ಕೋಬೇಕಂತೆ. ನಿಮಗೆ ಗೊತ್ತಿದೆ ಅಂದ್ರು."

ಗೊಂಬೆ ಕೋಣೆಯಲ್ಲಿ ಅವನು ತನ್ನ ಲೋಟವನ್ನು ವೃತ್ತಪತ್ರಿಕೆಯಲ್ಲಿ ಸುತ್ತುತ್ತಿದ್ದ. ಮೊದಲ ಬಾರಿಗೆ ನಾನು ಅವನ ಮುಖವನ್ನು ನೇರವಾಗಿ ನೋಡುತ್ತ ನಿಂತೆ. ವಯಸ್ಸಾಗಿತ್ತು. ಹುಬ್ಬು ನರೆತಿತ್ತು, ನಾನು ಗಮನಿಸಿರಲೇ ಇಲ್ಲ.

"ಇಬ್ರೂ ಬೇಡ ಅಂದಿದ್ಯಲ್ಲ," ಎಂದೆ.

"ಅಂದಿದ್ದೆ." ಲೋಟ ಸುತ್ತುವುದನ್ನು ನಿಲ್ಲಿಸಲಿಲ್ಲ. "ಆಮೇಲೆ ಮಗಳ ಓದು, ಮನೆ, ಎಲ್ಲ ನೋಡ್ದೆ. ಕಾಯಂ ಕೆಲಸ. ನಿನ್ನನ್ನ ಕೇಳ್ದೆ ಹೋಗಿಲ್ಲ. ಕೇಳಿದ್ನಲ್ಲ. ನೀನೇ ಹೋಗು ಅಂದೆ."

"ಯಾವಾಗ ಕೇಳ್ದೆ?"

"ಹೋದ ಬುಧವಾರ. ಎರಡೆರಡು ಸಲ ಕೇಳ್ದೆ."

"ಅದು ಮೇಕೆ ಹೇಳಿದ್ದು," ಎಂದೆ.

"ಇಷ್ಟು ವರ್ಷ ಮೇಕೆ ಹೇಳಿದ್ದೆಲ್ಲ ನೀನೇ ಹೇಳಿದ್ದಲ್ವಾ? ನಿಮ್ಮಮ್ಮ ಹೋದಾಗ ಹೇಳಿದ್ದು ಯಾರು? ನಾನು ನಂಬ್ಲಿಲ್ವಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ನಾನು ನಿಜ ಹೇಳಲು ಬಳಸಿದ ಬಾಯಿಯನ್ನೇ ಅವನು ಸಾಕ್ಷಿಗೆ ಕರೆದಿದ್ದ. ಒಂದು ಗಳಿಗೆ, ತಪ್ಪು ನನ್ನದೇ ಇರಬೇಕು, ನಗು ಬರಿಸುವ ಚಪಲಕ್ಕೆ ಬಾಯಿಗೆ ಬಂದದ್ದು ಆಡಿದೆ ಎಂದೂ ಅನಿಸಿತು. ಇನ್ನೂರು ಮಕ್ಕಳ ಮುಂದೆ ಮೇಕೆ ಹೋಗಬೇಡ ಎಂದು ಅತ್ತಿದ್ದರೆ ಅವನು ಉಳಿಯುತ್ತಿದ್ದನೇನೋ. ಗೂಟಕ್ಕೆ ತೂಗುಹಾಕಿದ್ದ ಮೇಕೆ ಆಗ ಕಣ್ಣಿಗೆ ಬಿತ್ತು. ಅದರ ತಲೆ ಮತ್ತೆ ಒಂದು ಕಡೆ ವಾಲಿತ್ತು.

"ಸೋಮವಾರಗಳಲ್ಲಿ ಇವಳನ್ನ ನಿನ್ನ ಎಡಗೈಗೆ ಹಾಕ್ಕೋತಿದ್ಯಾ?" ಎಂದು ಕೇಳಿದೆ.

ಅವನು ಲೋಟಕ್ಕೆ ಇನ್ನೊಂದು ಹಾಳೆ ಸುತ್ತಿದ.

"ನಿನ್ನ ದಪ್ಪ ಬೆರಳು ಹೋಗ್ಲಿ ಅಂತ ನಾನು ಹೊಲಿದಿದ್ದನ್ನ ನೀನು ಬಿಚ್ಚಿದ್ದು ಎಷ್ಟು ಸಲ ಗೊತ್ತಾ? ಮೂರು ಸಲ. ಆ ಬುಧವಾರಕ್ಕಿಂತ ಒಂದು ತಿಂಗಳು ಮುಂಚಿಂದ. ನೀನು ಕೇಳೋ ಹೊತ್ತಿಗೆ ಹೋಗೋದು ತೀರ್ಮಾನ ಆಗಿತ್ತು."

"ನಿನ್ನ ಮುಖ ನೋಡ್ಕೊಂಡು ಹೇಳೋ ಧೈರ್ಯ ನಂಗಿರ್ಲಿಲ್ಲ," ಎಂದ. ಹೇಳಿ, ಲೋಟವನ್ನು ಚೀಲಕ್ಕೆ ಹಾಕಿಕೊಂಡು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದ. ನಾನು ಕೂಗಿ ಬೈಯಬಹುದಿತ್ತು. ಬೈಗುಳಕ್ಕೂ ಅಭ್ಯಾಸ ಬೇಕು. ನಾನು ಬೈಯುತ್ತಿದ್ದುದೆಲ್ಲ ಮೇಕೆಯ ಬಾಯಲ್ಲಿ, ಮೇಕೆ ಗೂಟದಲ್ಲಿತ್ತು.

ಗೊಂಬೆಗಳು ಗ್ರಂಥಾಲಯದ ಸ್ವತ್ತು. ನರಿ ನನ್ನ ಬಳಿಯೇ ಉಳಿಯಿತು. ಆಟ ನಿಲ್ಲಿಸುವುದು ಬೇಡ, ಒಬ್ಬರೇ ಆಡಿಸಿ ನೋಡಿ, ಆಗದಿದ್ದರೆ ಮಕ್ಕಳ ವಿಭಾಗಕ್ಕೆ ಬೇರೆ ಏನಾದರೂ ಯೋಚಿಸೋಣ ಎಂದರು ಗ್ರಂಥಪಾಲಕಿ. ಆಗದಿದ್ದರೆ ನನ್ನನ್ನು ಪುಸ್ತಕಗಳಿಗೆ ಅಂಟು ಹಾಕುವ ಕೆಳಗಿನ ಕೋಣೆಗೆ ಕಳಿಸುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಎಡಚಿ, ಮೇಕೆ ಮೊದಲಿಂದಲೂ ನನ್ನ ಎಡಗೈಯಲ್ಲೇ. ತೋಳವನ್ನು ಪರದೆಯ ಮೂಲೆಗೆ ಸಿಕ್ಕಿಸಿ, ಬಲಗೈಗೆ ನರಿಯನ್ನು ತೊಟ್ಟುಕೊಂಡೆ. ಒಳಗೆ ಅವನ ಬೆರಳಿನ ಬೆವರಿಗೆ ಬಟ್ಟೆ ಗಟ್ಟಿಯಾಗಿತ್ತು. ಹತ್ತು ದಿನ ಅಭ್ಯಾಸ ಮಾಡಿದೆ. ಕೈ ಕಲಿತಿತು, ಬಾಯಿ ಕಲಿಯಲಿಲ್ಲ. ನರಿಯ ಸುಳ್ಳನ್ನು ನಾನು ಹತ್ತೊಂಬತ್ತು ವರ್ಷ ಪಕ್ಕದಲ್ಲೇ ನಿಂತು ಕೇಳಿದ್ದೆ, ಒಂದೊಂದು ಅಕ್ಷರವೂ ಬಾಯಿಪಾಠ. ಆದರೆ ನಾನು ಆಡಿದಾಗ ಅದು ಸುಳ್ಳಾಗುತ್ತಲೇ ಇರಲಿಲ್ಲ. "ನಾನೇ ನಿನ್ನ ಕಣ್ಣು," ಎಂದು ನನ್ನ ನರಿ ಹೇಳಿದರೆ ಅದು ಮನಸಾರೆ ಹೇಳಿದ ಹಾಗೆಯೇ ಇರುತ್ತಿತ್ತು.

ಬುಧವಾರ ಬಂತು. ಪರದೆಯ ಹಿಂದೆ ಎರಡಡಿ ಜಾಗವೂ ನನ್ನದೇ. ಆದರೂ ನಾನು ಒಂದು ಪಕ್ಕಕ್ಕೆ ಸರಿದೇ ನಿಂತೆ. ಹತ್ತು ನಿಮಿಷ ಸಲೀಸಾಗಿ ನಡೆಯಿತು. ಆಮೇಲೆ ನರಿ ದಾರಿ ತೋರಿಸಬೇಕಿತ್ತು. ಅದು ಮೇಕೆಯ ಪಕ್ಕ ಕೂತು, ಮೊಣಕಾಲು ನೋವು ಹೇಗಿದೆ ಎಂದು ಕೇಳಿತು. ಈಗ ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ಎಂದಳು ಮೇಕೆ. ಮೂರು ಮಹಡಿ ಹತ್ತಬೇಕಲ್ಲ, ನಡುವೆ ಕೂತು ಹತ್ತು ಎಂದಿತು ನರಿ. ಮಕ್ಕಳಲ್ಲಿ ಗುಸುಗುಸು ಶುರುವಾಯಿತು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಚಿಕ್ಕಮ್ಮ, ಈ ನರಿ ಯಾಕೆ ಮೋಸಾನೇ ಮಾಡ್ತಿಲ್ಲ?" ಎಂದು ಕೇಳಿದಳು. ಬಾಗಿಲ ಬಳಿ ಗ್ರಂಥಪಾಲಕಿ ಗಡಿಯಾರ ನೋಡಿಕೊಂಡದ್ದು ಪರದೆಯ ಸಂದಿಯಿಂದ ಕಂಡಿತು.

ನರಿ ಈಗಲಾದರೂ ಎದ್ದು ತೋಳದ ಕಡೆಗೆ ಓಡಬೇಕು, ಇಲ್ಲದಿದ್ದರೆ ಆಟ ಕೆಟ್ಟಿತು, ಕೆಳಗಿನ ಕೋಣೆಯೇ ಗತಿ. ನನಗೆ ಎಲ್ಲ ಗೊತ್ತಿತ್ತು. ಬಲಗೈಯನ್ನು ಅತ್ತ ಸರಿಸಲು ನೋಡಿದೆ. ಮೇಕೆ ತಲೆಯೆತ್ತಿ, "ನೀನೂ ಹೋಗ್ತೀಯಾ?" ಎಂದು ಕೇಳಿದಳು.

"ಇಲ್ಲ," ಎಂದಿತು ನರಿ. "ನಾನೆಲ್ಲೂ ಹೋಗಲ್ಲ."

ಕೇಳಿದ್ದೂ ನಾನೇ, ಹೇಳಿದ್ದೂ ನಾನೇ. ಆದರೂ ಮೇಕೆ ಅದನ್ನು ನಂಬಿದಳು.