ಹನ್ನೊಂದು ಕೆಂಪು ಗೆರೆ

"ಚಂಪಾ ಸತ್ತಿಲ್ಲ. ಇಡೀ ಸಿದ್ದಾಪುರದಲ್ಲಿ ಇದು ಗೊತ್ತಿರುವುದು ನನಗೊಬ್ಬಳಿಗೇ. ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ" ಎಂದು ದೀಪಿಕಾ ಡೈರಿಯಲ್ಲಿ ಬರೆದಳು. ಎರಡು ಸಲ ಓದಿಕೊಂಡಳು. ಯಾರಾದರೂ ಕಂಡರೆ ಕೊಲೆ ಕೇಸೆಂದು ತಿಳಿದಾರು ಎಂದು ಹೆದರಿ, ಕೆಳಗೆ "ಧಾರಾವಾಹಿಯ ಚಂಪಾ" ಎಂದು ಸೇರಿಸಿದಳು.

ಇದಕ್ಕೆಲ್ಲ ಮೂಲವಾದ, ಟಿವಿಯ ಹಿಂದೆ ಸಿಕ್ಕಿಸುವ ಬೆರಳುದ್ದದ ಕಡ್ಡಿಯನ್ನು ಚಿಕ್ಕಪ್ಪ ತಿರುಮಲೇಶ ಗಂಗಾವತಿಯಿಂದ ತಂದಿದ್ದ. ನೆಟ್ ಇದ್ದರೆ ಸಾಕು, ಧಾರಾವಾಹಿಯ ಯಾವ ಕಂತನ್ನಾದರೂ ಯಾವ ಹೊತ್ತಿನಲ್ಲಾದರೂ ನೋಡಬಹುದು.

"ಹಂಗಂದ್ರ ನಾಳಿಂದೂ ಇವತ್ತ ನೋಡಬಹುದೇನೋ?" ಎಂದು ಕೇಳಿದಳು ಅಜ್ಜಿ ಹುಲಗೆಮ್ಮ.

"ಮುಗಿಯೋತನಕ ಎಲ್ಲಾ ಅದರಾಗ ಐತಿ ಬೇ ಯವ್ವಾ."

ಅಜ್ಜಿಗೆ ಅದು ಸರಿ ಕಾಣಲಿಲ್ಲ. "ದೇವರಿಗೆ ಎಡಿ ಹಿಡಿಯೂಕ್ಕಿಂತ ಮೊದಲ ಹೋಳಿಗಿ ಮುಕ್ಕಿದಂಗ ಆಗ್ತೈತಿ ಅದು" ಎಂದವಳೇ ಪಕ್ಕದ ಮನೆಯ ಹಸೀನಾಬೇಗಂಳನ್ನು ಕರೆಸಿ, ಕೈಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡಳು. ದಿನಕ್ಕೊಂದೇ ಕಂತು. ಸಂಜೆ ಏಳಕ್ಕೆ. ಅದೂ ಇಬ್ಬರೂ ಕೂತು, ಎಲೆಚೀಲ ಬಿಚ್ಚಿದ ಮೇಲೆ. ಮೂವತ್ತು ವರ್ಷದಿಂದ ಒಂದೇ ಚೀಲದ ಎಲೆ ಅಡಿಕೆ ಹಾಕಿಕೊಂಡ ಗೆಳತಿಯರು. ಹಸೀನಾಬೇಗಂ "ಖುದಾ ಕಸಮ್" ಎಂದೂ ಸೇರಿಸಿದಳು.

ಒಂದು ತೊಡಕಿತ್ತು. ರಿಮೋಟಿನ ಮೈಕಿನ ಗುಂಡಿ ಒತ್ತಿ ಹೇಳಿದರೆ ಬೇಕಾದ್ದು ಬರುತ್ತಿತ್ತು. ಆದರೆ ಅದಕ್ಕೆ ತಿಳಿಯುತ್ತಿದ್ದದ್ದು ಪುಸ್ತಕದ ಕನ್ನಡ ಮಾತ್ರ. ಅಜ್ಜಿ ಗುಂಡಿ ಒತ್ತಿ, "ಏ ಯಪ್ಪಾ, ನಿನ್ನಿ ಬಾವಿ ಕಟ್ಟಿ ಮ್ಯಾಲ ನಿಲ್ಲಿಸಿ ಹೋಗಿದ್ದ್ಯಲ್ಲ, ಅಲ್ಲಿಂದ ಹಚ್ಚು" ಎಂದರೆ ಬಾವಿ ತೋಡುವ ಯಂತ್ರ ಬಂತು. ಹಸೀನಾಬೇಗಂ ಮರ್ಯಾದೆಯಿಂದ "ಹಚ್ಚರೀ ಸಾಬ್" ಎಂದರೆ ಟ್ರ್ಯಾಕ್ಟರ್ ಬಂತು. ಹೀಗಾಗಿ, ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ಸರಿಯುವ, ಬಿ.ಎ. ಮುಗಿಸಿದ ದೀಪಿಕಾಳೇ ಮನೆಯ ಪರವಾಗಿ ಟಿವಿಯ ಜೊತೆ ಮಾತಾಡಬೇಕಾಯಿತು. "ದಯವಿಟ್ಟು ಅರವತ್ತನಾಲ್ಕನೆಯ ಕಂತನ್ನು ತೋರಿಸಿ" ಎಂದು ಹೇಳಿ, ಟಿವಿಗೆ ಬೆನ್ನು ಹಾಕಿ ಡೈರಿ ಹಿಡಿದು ಕೂರುವಳು. ಪದವಿ ಪಡೆದವಳು ಅಳುಬುರುಕ ಧಾರಾವಾಹಿ ನೋಡುವುದುಂಟೇ!

ಬೆನ್ನು ಹಾಕಿದರೆ ಕಿವಿ ಮುಚ್ಚುವುದಿಲ್ಲ. ಅರವತ್ತನಾಲ್ಕರ ಕೊನೆಗೆ ಚಂಪಾ ಬಾವಿಗೆ ಬಿದ್ದಳು. ಮರುದಿನ ಮನೆಯವರೆಲ್ಲ ತೊಟ್ಟಿಲ ಕಾರ್ಯಕ್ಕೆಂದು ಹನುಮಸಾಗರಕ್ಕೆ ಹೋದರು. ಕೀಲಿ ಎಂದಿನಂತೆ ಹಸೀನಾಬೇಗಂ ಕೈಯಲ್ಲಿ. ದೀಪಿಕಾ ಮಾರ್ಕ್ಸ್ ಕಾರ್ಡಿಗೆಂದು ಗಂಗಾವತಿಗೆ ಹೋದವಳು ಬೇಗ ಕೆಲಸ ಮುಗಿಸಿ, ಯಾರ ಕಣ್ಣಿಗೂ ಬೀಳದೆ ಚಿಲಕ ಸಡಿಲಾದ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಒಂದೇ ಒಂದು ಕಂತು, ಚಂಪಾ ಉಳಿದಳೋ ಇಲ್ಲವೋ ಅಷ್ಟೇ, ಎಂದುಕೊಂಡಳು. ಆದರೆ ಆ ಕಡ್ಡಿಗೊಂದು ಚಾಳಿ: ಒಂದು ಮುಗಿದರೆ ಕೇಳದೆಯೇ ಇನ್ನೊಂದನ್ನು ಹಾಕುತ್ತದೆ, ಬೀಗರೂಟದಲ್ಲಿ ಬಡಿಸುವವರ ಹಾಗೆ. ಬೇಡ ಎನ್ನಲು ದೀಪಿಕಾಳಿಗೆ ಹುಟ್ಟಿದಾಗಿನಿಂದ ಬಾಯಿ ಬಂದಿಲ್ಲ. ಸಂಜೆಯೊಳಗೆ ಹನ್ನೊಂದು ಕಂತು ಮುಗಿದಿದ್ದವು.

ಊರಿಂದ ಬಂದ ಸಂಜೆ ಅಜ್ಜಿ ಟಿವಿ ಹಚ್ಚಿಸಿದಳು. "ಎಪ್ಪತ್ತಾರನೆಯ ಕಂತಿನಿಂದ ಮುಂದುವರಿಸಿ" ಎಂದಿತು ಪರದೆ.

"ಅಲ್ಲೋ, ನಮ್ದು ಅರವತ್ತೈದಲ್ಲೇನು?"

"ಕೆಳಗ ಕೆಂಪು ಗೆರಿ ನೋಡು" ಎಂದ ತಿರುಮಲೇಶ. "ಗೆರಿ ಬಿದ್ದೈತಂದ್ರ ಯಾರೋ ನೋಡ್ಯಾರಂತ."

ಅಜ್ಜಿ ಅರವತ್ತೈದರಿಂದ ಬೆರಳು ಮಡಚಿ ಎಣಿಸಿದಳು. ಹನ್ನೊಂದು. ಆಮೇಲೆ ಮೆಲ್ಲಗೆ ಹಸೀನಾಬೇಗಂ ಕಡೆ ತಿರುಗಿದಳು.

"ಕೀಲಿ ಯಾರ ಕೈಯಾಗಿತ್ತು, ಹಸೀನಾ?"

"ನನ್ನ ಕೈಯಾಗ. ಅದಕ್ಕೇನೀಗ?"

"ಏನಿಲ್ಲ ಬಿಡವಾ. ಬೆಕ್ಕಿನ ಕೈಯಾಗ ನೆಲುವು ಕೊಟ್ಟು ಹೋಗಿದ್ದೆ. ನಂದ ತಪ್ಪು."

"ಅಕ್ಕಾ! ನನಗದನ್ನ ಹಚ್ಚಾಕರ ಬರತೈತೇನು? ಒತ್ತಿದ್ರ ಟ್ರ್ಯಾಕ್ಟರ್ ಬರತೈತಿ!"

"ಗೊತ್ತಿಲ್ಲದಂಗ ನಾಟಕ ಮಾಡಾಕ ಯಾರಿಗೆ ಬರಂಗಿಲ್ಲ? ಚಂಪಾನ ಅತ್ತಿನೂ ಹಂಗ ಮಾಡತಾಳ."

ಕಳ್ಳಿ ಎಂದಿದ್ದರೆ ಹಸೀನಾಬೇಗಂ ಸಹಿಸುತ್ತಿದ್ದಳೇನೋ. ಚಂಪಾಳ ಅತ್ತೆಗೆ ಹೋಲಿಸಿದ್ದು ಎದೆಗೆ ನಾಟಿತು. ಎಲೆಚೀಲ ಎತ್ತಿಕೊಂಡು ಹೊರಟೇ ಹೋದಳು. ಸುಣ್ಣದ ಡಬ್ಬಿ ಇಲ್ಲೇ ಉಳಿಯಿತು.

ನಾಲ್ಕು ದಿನ ಒಬ್ಬಳ ಹತ್ತಿರ ಎಲೆ, ಇನ್ನೊಬ್ಬಳ ಹತ್ತಿರ ಸುಣ್ಣ. ಇಬ್ಬರ ಬಾಯಿಯೂ ಕೆಂಪಾಗಲಿಲ್ಲ. ಅಜ್ಜಿ ಕಡ್ಡಿಯನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹೂತಳು. ಮಾತುಕತೆಯೆಲ್ಲ ದೀಪಿಕಾಳ ಮೂಲಕ.

"ಸುಣ್ಣ ಬೇಕಾದ್ರ ತಾನ ಬಂದು ಒಯ್ಯಲಿ ಅನ್ನು, ಕದ್ದು ನೋಡಾಕ ಬರಲಿಲ್ಲೇನು?" ಎಂದು ಅಜ್ಜಿ ಹೇಳಿ ಕಳಿಸಿದರೆ, ದೀಪಿಕಾ ಆಚೆಮನೆಯಲ್ಲಿ, "ಅಜ್ಜಿ ಆರಾಮ ಅದೀರೇನು ಅಂತ ಕೇಳ್ಯಾಳ್ರೀ, ಖಾಲಾ" ಎನ್ನುವಳು.

"ಆರಾಮ ಇಲ್ಲಂತ ಹೇಳು ಬೇಟಿ" ಎಂದಳು ಹಸೀನಾಬೇಗಂ, ಸೆರಗಿನಿಂದ ಕಣ್ಣೊತ್ತಿಕೊಂಡು. "ಆಣಿ ಮುರದಾಕಿ ಅನಿಸ್ಕೊಂಡು ಯಾರು ಆರಾಮ ಇರತಾರ?"

ಆವತ್ತು ಡೈರಿಯಲ್ಲಿ ನಾಲ್ಕು ಪುಟ ತುಂಬಿದವು.

ಐದನೆಯ ದಿನ ಹಸೀನಾಬೇಗಂ ಬಂದು ಕೀಲಿಯನ್ನು ಕಟ್ಟೆಯ ಮೇಲಿಟ್ಟಳು. "ಇಪ್ಪತ್ತು ವರ್ಷ ನಮ್ಮ ಗ್ವಾಡಿ ಮೊಳಿಗಿತ್ತು. ತಗೋರಿ."

ತಗೋರಿ! ಮೂವತ್ತು ವರ್ಷದಲ್ಲಿ ಆಕೆ ಹುಲಗೆಮ್ಮನಿಗೆ 'ರಿ' ಹಚ್ಚಿದ್ದು ಇದೇ ಮೊದಲು. ಅಜ್ಜಿಯ ಮುಖ ಹೊಡೆತ ಬಿದ್ದಂತೆ ಸಣ್ಣಗಾಯಿತು. ಆದರೂ ಹಟ ಬಿಡಲಿಲ್ಲ.

"ತಿರುಮಲೇಶಾ, ಆ ಕಡ್ಡಿ ಸಿಗಸು. ಹೋಗಾಕಿ ಸಾಕ್ಷಿ ನೋಡಿ ಹೋಗಲಿ."

ಅಕ್ಕಿಕಾಳು ಉದುರಿಸಿ, ಊದಿ, ಸಿಕ್ಕಿಸಿದ್ದಾಯಿತು. ಅಜ್ಜಿ ರಿಮೋಟನ್ನು ದೀಪಿಕಾಳ ಕೈಗೆ ತುರುಕಿದಳು. "ಗೆರಿ ತೋರ್ಸು ಅನ್ನು ಅದಕ್ಕ."

ದೀಪಿಕಾ ಗುಂಡಿ ಒತ್ತಿದಳು. ರಿಮೋಟನ್ನು ತುಟಿಗೆ ಹತ್ತಿರ ಹಿಡಿದು, ಅದಕ್ಕಷ್ಟೇ ಕೇಳಿಸುವಂತೆ, "ನಾ ನೋಡೀನಿ" ಎಂದಳು.

"ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ" ಎಂದಿತು ಪರದೆ.

"ಜೋರಾಗಿ ಹೇಳ ಮಗಳ" ಎಂದಳು ಅಜ್ಜಿ. "ಮೊದಲ ಕಿವುಡೈತಿ ಅದು."

ಹಸೀನಾಬೇಗಂ ಆಗಲೇ ಹೊಸ್ತಿಲಿಗೆ ಕಾಲಿಟ್ಟಿದ್ದಳು. ದೀಪಿಕಾ ರಿಮೋಟನ್ನು ಮಂಚದ ಮೇಲಿಟ್ಟಳು. ಟಿವಿಗೆ ಬೆನ್ನು ಹಾಕಿ, ಇಬ್ಬರು ಮುದುಕಿಯರ ಕಡೆ ಮುಖ ಮಾಡಿ ನಿಂತಳು.

"ಖಾಲಾ ನೋಡಿಲ್ಲಜ್ಜಿ. ನಾ ನೋಡೀನಿ. ಹನ್ನೊಂದೂ."